ಒಂಟಿ ಸೀನು, ಜೋಡಿ ಸೀನು

ಬಹಳ ಬಹಳ ಹಿಂದೆ, ಆನೆ ಹುಲಿಗಳೂ ಮನುಷ್ಯರ ಹಾಗೆ ಮಾತಾಡುತ್ತಿದ್ದ ಕಾಲದಲ್ಲಿ, ಸಂಪಿಗೆದುರ್ಗ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಅರಮನೆ ದೊಡ್ಡದು, ಕೋಟೆ ದೊಡ್ಡದು, ಎಲ್ಲಕ್ಕಿಂತ ದೊಡ್ಡದು ಜನರ ಮೂಗಿನ ಚಪಲ. ಮಂತ್ರಿಯಿಂದ ಮಾವುತನವರೆಗೆ ಎಲ್ಲರ ಸೊಂಟದಲ್ಲೂ ಒಂದೊಂದು ನಶ್ಯದ ಬುರುಡೆ ಇರುತ್ತಿತ್ತು.

ಆ ನಶ್ಯವೆಲ್ಲ ಬೋರಲಿಂಗಪ್ಪನ ಅಂಗಡಿಯದು. ಅವನ ಒಬ್ಬಳೇ ಮಗಳು ದೇವೀರಿ. ತಾಯಿಯಿಲ್ಲದ ಅವಳಿಗೆ ಅಪ್ಪನೇ ಎಲ್ಲ. ಅಪ್ಪ ಹೊಗೆಸೊಪ್ಪು ಒಣಗಿಸಿ ಹುರಿಯುತ್ತಿದ್ದ, ಮಗಳು ಒರಳಲ್ಲಿ ಕುಟ್ಟುತ್ತಿದ್ದಳು. ಬೋರಲಿಂಗಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಸೊಪ್ಪು ಮುಟ್ಟುತ್ತಿರಲಿಲ್ಲ. "ಬಟ್ಟೆ ಕಟ್ಕೊಳ್ಳೇ" ಎಂದು ಮಗಳಿಗೂ ದಿನಾ ಹೇಳುತ್ತಿದ್ದ. ಅವಳು ಕೇಳಿದರೆ ತಾನೆ! ಧೂಳು ಕುಡಿದು ಕುಡಿದು ಅವಳ ಮೂಗು ಮೊದ್ದಾಗಿಹೋಗಿತ್ತು. ಹತ್ತು ವರ್ಷದಿಂದ ಅವಳು ಒಂದು ಸಲವೂ ಸೀನಿರಲಿಲ್ಲ.

ಅಂಗಡಿಯಲ್ಲಿ ಮೂರು ಬಗೆಯ ನಶ್ಯವಿತ್ತು. ಒರಟಾಗಿ ಕುಟ್ಟಿದ ಕಪ್ಪು ತರಿ ನಶ್ಯ ಗಾಡಿ ಹೊಡೆಯುವವರಿಗೆ. ಹುರಿದು ತುಪ್ಪದಲ್ಲಿ ಉಜ್ಜಿದ ನಶ್ಯ ಪಂಡಿತರಿಗೆ. ಸುಣ್ಣ ಬೆರೆಸಿ ತೆಳುಬಟ್ಟೆಯಲ್ಲಿ ಮೂರು ಸಲ ಸೋಸಿದ ಬಿಳಿ ನಶ್ಯವನ್ನು ಮಾತ್ರ ಒಬ್ಬರೇ ಕೊಳ್ಳುತ್ತಿದ್ದರು. ಅದರ ಮಾತು ಮುಂದೆ ಬರುತ್ತದೆ.

ಆ ಊರಿನಲ್ಲಿ ನಶ್ಯಕ್ಕೂ ಪದ್ಧತಿ ಇತ್ತು. ಕೊಡುವವರು ಮೊದಲು ತಾವೊಂದು ಚಿಟಿಕೆ ಏರಿಸಿ ತೋರಿಸಬೇಕು. ಯಾರಾದರೂ ಸೀನಿದರೆ "ನೂರು ವರ್ಷ ಬಾಳು" ಎಂದು ಹರಸಬೇಕು. ಒಂಟಿ ಸೀನು ಬಂದರೆ ಅಪಶಕುನ, ಇನ್ನೊಂದು ಬಂದು ಜೋಡಿಯಾಗುವವರೆಗೆ ಕೂತ ಜಾಗದಿಂದ ಏಳಬಾರದು. ದಿನಕ್ಕೆ ನೂರು ಸಲ ಹರಸಿ ಹರಸಿ, ದೇವೀರಿಯ ನಾಲಗೆ ಅವಳನ್ನು ಕೇಳದೆಯೇ "ನೂರು ವರ್ಷ" ಎನ್ನುತ್ತಿತ್ತು.

ಒಂದು ಬೆಳಿಗ್ಗೆ ದೇವೀರಿ ಕುಟ್ಟುತ್ತಿರುವಾಗ ಬೂದುಬಣ್ಣದ ಮಂಜೊಂದು ಬೀದಿಗೆ ಇಳಿಯಿತು. ಒಂದು ಗಳಿಗೆ ನಿಂತು ಹಿಂದಕ್ಕೆ ಹೋಯಿತು. ಅವಳು ತಿರುಗಿ ನೋಡಿದರೆ ಅಪ್ಪ ಸೋಸುವ ಬಟ್ಟೆಯ ಮೇಲೆ ಒರಗಿದ್ದ. ಮೈ ಬೆಚ್ಚಗಿತ್ತು, ಉಸಿರು ಮಾತ್ರ ಇರಲಿಲ್ಲ.

"ಅಪ್ಪಾ! ಅಪ್ಪಾ!"

ಅಪ್ಪ ಏಳಲಿಲ್ಲ. ಬೀದಿಗೆ ಓಡಿದಳು. ಬೀದಿಯೆಲ್ಲ ಹಾಗೆಯೇ ಬಿದ್ದಿತ್ತು. ಎದುರಿಗೆ ಕೋಲೂರಿಕೊಂಡು ಒಬ್ಬರೇ ಬರುತ್ತಿದ್ದರು. ರಾಜನ ಅಜ್ಜಿ, ಚೆಲುವಾಜಮ್ಮಣ್ಣಿಯವರು. ಬಿಳಿ ನಶ್ಯ ಕೊಳ್ಳುವ ಆ ಒಬ್ಬರು ಇವರೇ.

"ನಿನ್ನ ಮೂಗು ಮೊದ್ದು, ನನ್ನ ಮೂಗು ಮೊದ್ದು. ಆ ಮಂಜಿಗೆ ಒಳಗೆ ದಾರಿ ಸಿಗಲಿಲ್ಲ, ಅದಕ್ಕೇ ನಾವಿಬ್ಬರೂ ಉಳ್ಕೊಂಡ್ವಿ ಕಣೇ" ಎಂದರು ಅಜ್ಜಿ. "ಇದು ಉಸಿರುಗಳ್ಳನ ಮಾಯೆ. ಮೊದಲು ನಮ್ಮ ಊರಲ್ಲೇ ಇದ್ದ. ಮಂದಿಯ ಉಸಿರು ಕದ್ದು ಸಿಕ್ಕಿಬಿದ್ದಾಗ ನಾನೇ ಗಡಿಪಾರು ಮಾಡಿಸಿದೆ. ಈಗ ಹರಸುಗಲ್ಲು ಬೆಟ್ಟದ ಮೇಲಿದ್ದಾನೆ. ಮೂರನೇ ದಿನ ಸೂರ್ಯ ಮುಳುಗಿದರೆ ಎಳೆದುಕೊಂಡ ಉಸಿರೆಲ್ಲ ಅವನದೇ ಆಗಿಬಿಡುತ್ತೆ."

"ಅದನ್ನ ಹೊರಗೆ ತರೋದು ಹ್ಯಾಗೆ ಅಮ್ಮಾವ್ರೇ?"

"ನಮ್ಮ ಮಾವನವರ ಕಾಲದಲ್ಲಿ ಹಡಗಿನವರು ಈ ಸೊಪ್ಪು ತಂದುಕೊಟ್ಟರು. ಆಗ ಇದು ಚಪಲ ಅಲ್ಲ, ಔಷಧಿ. ತಲೇಲಿ ಕೂತ ಕೆಟ್ಟದ್ದನ್ನ ಸೀನಿಸಿ ಹೊರಗೆ ಹಾಕೋಕೆ ಅಂತ ಅರಮನೇಲಿ ಇಟ್ಟಿದ್ದರು. ಆಮೇಲೆ ತಾನೇ ಊರಿಗೆಲ್ಲ ಹಬ್ಬಿದ್ದು? ಮೂರು ಬಗೆಯನ್ನೂ ತಗೊಂಡು ಹೋಗು. ಆದರೆ ಬಾಯಿ ಜೋಕೆ! ಆ ಬೆಟ್ಟದಲ್ಲಿ ಹರಸಿದ ಮಾತು ಹುಸಿಯಾಗೋದಿಲ್ಲ. ಬೈದದ್ದು ಮಾತ್ರ ಫಲಿಸೋದಿಲ್ಲ, ನಾನೇ ಬೈದು ನೋಡಿದ್ದೀನಿ."

ದೇವೀರಿ ಅಪ್ಪನ ಹಣೆ ಮುಟ್ಟಿ, ಮೂರು ಬುರುಡೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಮೊದಲ ದಿನ ಬೆಟ್ಟದ ಬುಡದಲ್ಲಿ ಮುದಿ ಹುಲಿಯೊಂದು ಅಡ್ಡ ನಿಂತಿತು. "ಮಾಯಾವಿ ನನ್ನ ಮೂಗು ಮುಚ್ಚಿಬಿಟ್ಟಿದ್ದಾನೆ. ವಾಸನೆ ತಿಳಿಯದು, ರುಚಿ ತಿಳಿಯದು. ಬಂದದ್ದನ್ನೆಲ್ಲ ತಿನ್ನುತ್ತೇನೆ" ಎಂದಿತು.

"ತಿನ್ನೋ ಮೊದಲು ಒಂದು ಚಿಟಿಕೆ ಏರಿಸಣ್ಣ, ಮೂಗು ಬಿಟ್ಕೊಳ್ಳುತ್ತೆ" ಎಂದು ದೇವೀರಿ ತಾನು ಮೊದಲು ತರಿ ನಶ್ಯ ಏರಿಸಿ, ಇನ್ನೊಂದು ಚಿಟಿಕೆಯನ್ನು ಹುಲಿಯ ಮುಂದೆ ಚಾಚಿದಳು. ಹುಲಿ ಏರಿಸಿತು. "ಆಕ್ಷೀ! ಆಕ್ಷೀ!" ಮೂಗಿನಿಂದ ಮಂಜಿನ ಉಂಡೆ ಹಾರಿಬಿತ್ತು.

"ನೂರು ವರ್ಷ ಬಾಳು!" ಎಂದಿತು ದೇವೀರಿಯ ನಾಲಗೆ. ನೋಡನೋಡುತ್ತಿದ್ದಂತೆ ಹುಲಿಯ ನರೆತ ಮೈ ಹೊಂಬಣ್ಣಕ್ಕೆ ತಿರುಗಿತು. ಅದು ಅವಳನ್ನು ಮೂಸಿ ಮುಖ ಸಿಂಡರಿಸಿತು. "ಥೂ, ಹೊಗೆಸೊಪ್ಪಿನ ನಾತ! ನಿನ್ನನ್ನು ಯಾರು ತಿಂದಾರು? ಹೋಗು." ದೇವೀರಿ ಬದುಕಿದಳು. ಆದರೆ ತನ್ನ ನಾಲಗೆಯನ್ನು ನೆನೆದು ಅವಳಿಗೆ ಹುಲಿಗಿಂತ ಹೆಚ್ಚು ಭಯವಾಯಿತು.

ಎರಡನೆಯ ದಿನ ಕಣಿವೆಯ ನಡುವೆ ಆನೆಯೊಂದು ದಾರಿ ಮುಚ್ಚಿ ಕೂತಿತ್ತು. ಅದರ ಮೂಗೂ ಕಟ್ಟಿತ್ತು. ದೇವೀರಿ ತಾನು ಮೊದಲು ಏರಿಸಿ, ತುಪ್ಪದ ನಶ್ಯದ ಬುರುಡೆಯನ್ನೇ ಸೊಂಡಿಲಿಗೆ ಸುರಿದಳು. ಆನೆ ಸೀನಿದ ರಭಸಕ್ಕೆ ಬಂಡೆಗಳು ಉರುಳಿದವು. ಆದರೆ ಸೀನಿದ್ದು ಒಂದೇ ಸಲ.

"ಒಂಟಿ ಸೀನು" ಎಂದಿತು ಆನೆ. "ಈಗ ಏಳಲಾರೆ."

"ನಮ್ಮಪ್ಪನ ಉಸಿರು ಹೋಗುತ್ತೆ, ಏಳಪ್ಪ!"

"ಅಪಶಕುನವಮ್ಮ, ಏಳಲಾರೆ."

ಗಳಿಗೆಯ ಮೇಲೆ ಗಳಿಗೆ ಕಳೆಯಿತು. ದೇವೀರಿ ಅತ್ತಳು, ಸೊಂಡಿಲು ಜಗ್ಗಿದಳು, ಕಾಲಿಗೆ ಬಿದ್ದಳು. ಮೂರನೆಯ ದಿನದ ಮಧ್ಯಾಹ್ನ ಎರಡನೆಯ ಸೀನು ಬಂತು. "ನೂರು ವರ್ಷ ಬಾಳು!" ಎಂದು ನಾಲಗೆ ಮತ್ತೆ ಜಾರಿತು. ಆನೆ ಎದ್ದು ದಾರಿ ಬಿಟ್ಟಿತು. ಅವಳು ಏದುಸಿರು ಬಿಡುತ್ತ ಬೆಟ್ಟ ಹತ್ತಿದಳು.

ತುದಿಯಲ್ಲಿ ಉಸಿರುಗಳ್ಳ ಕೂತಿದ್ದ. ಒಳಗೆಳೆಯುತ್ತಿದ್ದನೇ ಹೊರತು ಬಿಡುತ್ತಿರಲಿಲ್ಲ. ಹೊಟ್ಟೆ ಊದಿಕೊಂಡಿತ್ತು. ಸೂರ್ಯ ಮುಳುಗಲು ಎರಡು ಮಾರು ಉಳಿದಿತ್ತು.

"ಬುರುಡೆಯಲ್ಲಿ ನಶ್ಯವೇನೇ?" ಅವನ ಕಣ್ಣು ಹೊಳೆಯಿತು. "ಮೂವತ್ತು ವರ್ಷವಾಯಿತು ಒಂದು ಚಿಟಿಕೆ ಸಿಕ್ಕಿ. ನಾನೂ ಆ ಊರವನೇ, ಪದ್ಧತಿ ಗೊತ್ತು. ಮೊದಲು ನೀನು ಏರಿಸು. ನೀನು ಸೀನಿದರೆ ಅದು ನನಗೆ ಬೇಡ."

ಬಿಳಿ ನಶ್ಯವನ್ನು ಅಜ್ಜಿಗೆ ಕೊಡುತ್ತಿದ್ದದ್ದು ಅಪ್ಪನೇ, ದೇವೀರಿ ಅದನ್ನು ಎಂದೂ ಏರಿಸಿರಲಿಲ್ಲ. ಏರಿಸಿದಳು. ಸುಣ್ಣ ನೆತ್ತಿಗೇರಿ ಕೆಂಡ ಇಟ್ಟಂತಾಯಿತು. ಕಣ್ಣು ತುಂಬಿತು. ಹತ್ತು ವರ್ಷ ಬಾರದ ಸೀನು ಈಗ ಮೂಗಿನ ತುದಿಗೆ ಬಂದು ನಿಂತಿತು. ಅಂಗೈಗೆ ಉಗುರು ಒತ್ತಿ, ಸೋಸುವ ಬಟ್ಟೆಯ ಮೇಲೆ ಒರಗಿದ ಅಪ್ಪನನ್ನು ನೆನೆದಳು. ಸೀನು ಹಿಂದಕ್ಕೆ ಸರಿಯಿತು.

"ಹುಡುಗಿಗೇ ಏನೂ ಆಗದ ನಶ್ಯ ನನಗೇನು ಮಾಡೀತು!" ಎಂದು ಉಸಿರುಗಳ್ಳ ನಕ್ಕು ಒಂದು ಹಿಡಿ ಏರಿಸಿದ.

"ಆಕ್ಷೀ!"

ಬೆಟ್ಟವೇ ಅದುರಿತು. ಸಾವಿರ ಉಸಿರುಗಳು ಹಕ್ಕಿಗಳ ಹಾಗೆ ಊರಿನತ್ತ ಹಾರಿದವು. ದೇವೀರಿಯ ನಾಲಗೆ ಮೇಲೆದ್ದಿತು. "ನೂ..." ಅವಳು ನಾಲಗೆಯನ್ನು ಹಲ್ಲಿನಿಂದ ಕಚ್ಚಿದಳು. ಬಾಯಲ್ಲಿ ರಕ್ತದ ರುಚಿ ಬಂತು.

ಉಸಿರುಗಳ್ಳ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡ. "ಕಳ್ಳಿ! ಒಂದು ಉಸಿರು ಇನ್ನೂ ನನ್ನ ತಳದಲ್ಲಿದೆ. ಹೊಗೆಸೊಪ್ಪಿನ ಘಾಟಿದೆ ಅದಕ್ಕೆ. ಯಾರದೆಂದು ಹೇಳಬೇಕೇ? ಸೀನಿದವನನ್ನು ಹರಸುವುದು ಪದ್ಧತಿ. ಹರಸು, ನೂರು ವರ್ಷ ಕೊಡು. ನಿನ್ನಪ್ಪನನ್ನು ಬಿಡುತ್ತೇನೆ."

ಸೂರ್ಯನ ಅಂಚು ನೆಲ ಮುಟ್ಟಿತು. ಹರಸಿದರೆ ಇವನು ನೂರು ವರ್ಷ ಊರೂರು ನುಂಗುತ್ತಾನೆ. ಹರಸದಿದ್ದರೆ ಅಪ್ಪ ಇಲ್ಲ. ಆಗ ಅವಳಿಗೆ ಆನೆ ನೆನಪಾಯಿತು.

"ಹರಸ್ತೀನಿ" ಎಂದಳು. "ಆದರೆ ನೀನು ಸೀನಿದ್ದು ಒಂಟಿ ಸೀನು. ನೀನೂ ನಮ್ಮೂರವನೇ ಅಲ್ವಾ? ಅಪಶಕುನದ ಮೇಲೆ ಹರಸಿದರೆ ಏನಾಗುತ್ತೋ ನೀನೇ ನೋಡ್ಕೋ. ಜೋಡಿಯಾಗಲಿ, ಹೇಳ್ತೀನಿ."

ಉಸಿರುಗಳ್ಳನ ಮುಖ ಬಿಳಿಚಿತು. ಲೋಕಕ್ಕೆ ಅಂಜದವನು ಒಂಟಿ ಸೀನಿಗೆ ಅಂಜಿದ. ಹೌದು, ಚಿಕ್ಕಂದಿನಲ್ಲಿ ಅವನಮ್ಮನೂ ಅವನನ್ನು ಹಾಗೆಯೇ ಹಿಡಿದು ಕೂರಿಸಿರಬೇಕಲ್ಲ! ಮೂಗು ಬಿಟ್ಟು, ಬುರುಡೆ ಕಸಿದು, ತಳ ಕೆರೆದು ಏರಿಸಿದ.

"ಆಕ್ಷೀ!"

ಕೊನೆಯ ಉಸಿರು ಹೊರಬಿತ್ತು. ಅದು ದೇವೀರಿಯ ಕೆನ್ನೆ ಸವರಿ ಹೊರಟಾಗ ಅವಳು ಕೊಟ್ಟ ಮಾತು ತಪ್ಪಲಿಲ್ಲ. ಅದರತ್ತ ತಿರುಗಿ ಗಟ್ಟಿಯಾಗಿ ಹರಸಿದಳು:

"ನೂರು ವರ್ಷ ಬಾಳಪ್ಪಾ!"

ಹಿಂತಿರುಗಿ ನೋಡಿದರೆ ಉಸಿರುಗಳ್ಳನಿದ್ದ ಜಾಗದಲ್ಲಿ ಒಂದಿಷ್ಟು ಬಿಳಿ ಪುಡಿ ಬಿದ್ದಿತ್ತು. ಅವನಲ್ಲಿ ಅವನದೆಂಬ ಉಸಿರು ಎಂದೋ ಮುಗಿದಿತ್ತು. ಗಾಳಿ ಬಂದು ಪುಡಿಯನ್ನೂ ಒಯ್ದಿತು.

ಆನೆ ಅವಳನ್ನು ಬೆನ್ನ ಮೇಲೆ ಹೊತ್ತು ಊರಿಗೆ ತಂದಿತು. ರಾಜ ಮಾಲೆ ಹಿಡಿದು ನಿಂತಿದ್ದ. ಅಜ್ಜಿ ಮಾತ್ರ ಖಾಲಿ ಬುರುಡೆ ನೋಡಿ, "ಅಷ್ಟನ್ನೂ ಅವನಿಗೇ ಸುರಿದೆಯಾ?" ಎಂದು ಗೊಣಗಿದರು. ದೇವೀರಿ ಯಾರತ್ತಲೂ ನೋಡದೆ ಅಂಗಡಿಗೆ ಓಡಿದಳು. ಬೋರಲಿಂಗಪ್ಪ ಬಾಗಿಲಲ್ಲಿ ಕೂತು ದಾರಿ ಕಾಯುತ್ತಿದ್ದ. ಮಗಳನ್ನು ಅಪ್ಪಿಕೊಂಡ ಕೂಡಲೆ ಅವಳ ಮೈಮೇಲಿನ ಧೂಳಿಗೆ ಒಂದರ ಹಿಂದೊಂದು ಎರಡು ಸಲ ಸೀನಿದ.

"ಬಟ್ಟೆ ಕಟ್ಕೊಳ್ಳೇ ಅಂತ ಎಷ್ಟು ಸಲ ಹೇಳಿಲ್ಲ?" ಎಂದ.

ದೇವೀರಿ ಈ ಸಲ ಹರಸಲಿಲ್ಲ. ಅಳುತ್ತ ನಗುತ್ತ, "ಹೇಳಾಯ್ತು ಕಣಪ್ಪ" ಎಂದಳು.

ಬೋರಲಿಂಗಪ್ಪ ನೂರು ವರ್ಷ ತುಂಬಿಸಿಯೇ ಬಾಳಿದ. ಸಂಪಿಗೆದುರ್ಗದವರೆಲ್ಲ ತಮ್ಮ ತಮ್ಮ ಉಸಿರನ್ನು ತಾವೇ ಆಡುತ್ತ, ಜೋಡಿ ಜೋಡಿಯಾಗಿ ಸೀನುತ್ತ, ಸುಖವಾಗಿದ್ದರು.