ಜರಡಿ ಉಳಿದ ಸಾಲು

ನನಗೊಂದು ಸಣ್ಣ ಭಯವಿದೆ. ಡೈರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಬಾಡಿಗೆ ಕೋಣೆಯಿಂದ ಹೊರಡುವ ಮುನ್ನ ದಿನಾ ಕನ್ನಡಿಯ ಮುಂದೆ ನಿಂತು ಒಮ್ಮೆ ‘ಅಕ್ಕಾ’ ಅಂದು ನೋಡುತ್ತೇನೆ. ಹೆಚ್ಚು ಮಾತಾಡುವವರಿಲ್ಲದ ಈ ಊರಲ್ಲಿ ಧ್ವನಿ ಇನ್ನೂ ಇದೆಯೋ, ಮರೆತುಹೋಗಿದೆಯೋ ಎಂದು.

ಆ ಗುರುವಾರ ‘ಅಕ್ಕಾ’ ಅನ್ನುವಷ್ಟರಲ್ಲೇ ಫೋನ್ ಬಂತು. ಕಾರ್ಯದರ್ಶಿ ಕರಿಬಸಪ್ಪನವರು. ಶೆಡ್ಡಿನಿಂದ ಡೀಸೆಲ್ ಪಂಪ್‌ಸೆಟ್ ಹೋಗಿದೆ, ಬೀಗ ಒಡೆದಿಲ್ಲ, ಬೇಗ ಬಾ ಎಂದರು.

ಮುಂಡಗೋಡಿನ ನಮ್ಮ ಕೇಂದ್ರ ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತದೆ. ಯಾರು ಏನು ಒಯ್ದರು ಎಂದು ಬರೆದಿಡುವ ವೆಬ್ ಫಾರ್ಮು ಕಟ್ಟಿದವಳು ನಾನು, ದಾಂಡೇಲಿಯ ಸುವರ್ಣಾ.

ನಾನು ಹೋದಾಗ ಸನವಳ್ಳಿಯ ಶಂಕ್ರವ್ವ ಆಫೀಸಿನ ಬಾಗಿಲಲ್ಲೇ ನಿಂತಿದ್ದಳು. ಫಾರ್ಮಿನಲ್ಲಿ ಪಂಪ್ ಅವಳ ಹೆಸರಿನಲ್ಲಿತ್ತು. ಒಯ್ದದ್ದಿದೆ, ಮರಳಿಸಿದ್ದಿಲ್ಲ.

“ನಾ ಪಂಪ್ ಮುಟ್ಟಿಲ್ಲರಿ,” ಎಂದಳು. “ಗೋವಿನಜೋಳ ಒಕ್ಕೂ ಮಷಿನ್ ಒಯ್ದಿದ್ದೆ. ತಂದು ಕೊಟ್ಟೇನಿ.”

“ಕಂಪ್ಯೂಟರ್ ಏನ್ ನಿನ್ನ ಮ್ಯಾಲೆ ಸಿಟ್ಟಾಗೇತೇನು?” ಎಂದರು ಕರಿಬಸಪ್ಪ. ಸಂಜೆಯೊಳಗೆ ಪಂಪ್ ಬರದಿದ್ದರೆ ಪೊಲೀಸರಿಗೆ ದೂರು ಕೊಡುವುದಾಗಿ ಹೇಳಿದರು. ಶಂಕ್ರವ್ವ ನನ್ನತ್ತ ನೋಡಿದಳು. ನಾನು ಕೀಬೋರ್ಡ್ ನೋಡಿದೆ.

ಗುಮಾಸ್ತೆ ದಾನೇಶ್ವರಿ ಅಕ್ಕ ನನ್ನ ಪಕ್ಕ ಚಹಾ ಇಟ್ಟು ಹೋದಳು. ಶೆಡ್ಡಿನ ಕೀಲಿ ಇರುವುದು ಅವಳ ಬಳಿ. ಈ ಊರಲ್ಲಿ ನನಗೆ ಚಹಾ ಕೊಡುವವಳು, ತನ್ನ ಡಬ್ಬಿಯಿಂದ ರೊಟ್ಟಿ ಮುರಿದು ಕೊಡುವವಳು ಅವಳೊಬ್ಬಳೇ. ತಮ್ಮನ ಮೆಣಸಿನ ಗಿಡಗಳು ನೀರಿಲ್ಲದೆ ಬಾಡುತ್ತಿವೆ ಎಂದು ನನ್ನ ಮುಂದೆ ಅಲವತ್ತುಕೊಳ್ಳುತ್ತಿದ್ದಳು. ನನ್ನ ಮುಂದೆ ಯಾರಾದರೂ ಅಲವತ್ತುಕೊಳ್ಳುವುದೇ ನನಗೊಂದು ಹಿಗ್ಗು.

* * *

ಮೊದಲು ನನ್ನ ಕೆಲಸವನ್ನೇ ಅನುಮಾನಿಸಿದೆ. ಸದಸ್ಯರ ಫಾರ್ಮಿನ ಹೊಟ್ಟೆಯೊಳಗೆ ಯಂತ್ರಗಳ ಸಣ್ಣ ಸಣ್ಣ ಫಾರ್ಮುಗಳಿವೆ. ಮೇಲೆ ಮನೆಯ ಹೆಸರು, ಕೆಳಗೆ ಒಯ್ದ ಯಂತ್ರಗಳು. ಇನ್ನೊಬ್ಬರ ಪಂಪ್ ತಪ್ಪಿ ಶಂಕ್ರವ್ವನ ಮನೆಯೊಳಗೆ ಬಂದು ಕೂತಿರಬಹುದೇ? ಇಲ್ಲ. ಆ ಸಾಲು ಹುಟ್ಟಿದಾಗಿನಿಂದ ಅವಳದ್ದೇ.

ಫಾರ್ಮು ಮುಚ್ಚಿ, ಅದರ ಹಿಂದೆ ಎಲ್ಲ ದಾಖಲೆ ಸಾಲುಸಾಲಾಗಿ ಕೂತಿರುವ ಟೇಬಲನ್ನೇ ತೆರೆದೆ.

ಟ್ರ್ಯಾಕ್ಟರು, ಒಕ್ಕುವ ಮಷಿನ್ನು, ಪಂಪು ಎಲ್ಲಕ್ಕೂ ನಾನು ಇಟ್ಟಿದ್ದು ಒಂದೇ ಟೇಬಲ್. ಪ್ರತಿ ಸಾಲಿನಲ್ಲೂ ಎಲ್ಲ ಬಗೆಯ ಕಾಲಮ್ಮುಗಳಿರುತ್ತವೆ. ಇದು ಯಾವ ಯಂತ್ರ ಎಂದು ಹೇಳುವುದು ‘ಬಗೆ’ ಎಂಬ ಒಂದು ಕಾಲಮ್ ಮಾತ್ರ. ಅದನ್ನು ನೋಡಿ ಫಾರ್ಮು ಆ ಯಂತ್ರದ ಚೌಕಗಳನ್ನಷ್ಟೇ ತೋರಿಸುತ್ತದೆ. ಪಂಪಿಗೆ ಪೈಪಿನ ಉದ್ದ, ಒಕ್ಕುವ ಮಷಿನ್ನಿಗೆ ಜರಡಿಯ ಅಳತೆ. ಉಳಿದವು ಮರೆಯಾಗುತ್ತವೆ. ಮರೆಯಾಗುತ್ತವೆ, ಅಷ್ಟೇ. ಅಳಿಸಿಹೋಗುವುದಿಲ್ಲ.

ಶಂಕ್ರವ್ವನ ಸಾಲಿನಲ್ಲಿ ‘ಬಗೆ: ಪಂಪ್‌ಸೆಟ್’ ಎಂದಿತ್ತು. ಬಲಕ್ಕೆ ಸರಿಸುತ್ತ ಹೋದೆ. ಜರಡಿಯ ಅಳತೆ ತುಂಬಿತ್ತು.

ಪಂಪಿಗೆ ಜರಡಿ ಎಲ್ಲಿಂದ ಬರಬೇಕು?

ಅದು ಒಕ್ಕುವ ಮಷಿನ್ನಿನ ಸಾಲಾಗಿಯೇ ಹುಟ್ಟಿತ್ತು. ಆಮೇಲೆ ಯಾರೋ ಬಗೆ ಬದಲಿಸಿ, ‘ಮರಳಿಸಿದೆ’ ಎಂಬ ಗುರುತು ತೆಗೆದಿದ್ದರು. ಬಗೆ ಬದಲಿಸಿದೊಡನೆ ‘ಒಯ್ದ ದಿನ’ದ ಚೌಕದಲ್ಲಿ ಅಂದಿನ ತಾರೀಖು ತಾನಾಗಿ ಕೂರುತ್ತದೆ. ಬದಲಿಸಿದವರು ಅದನ್ನು ಗಮನಿಸಿರಲಿಲ್ಲ.

ಅಲ್ಲಿದ್ದದ್ದು ಕಳೆದ ಸೋಮವಾರ.

* * *

ಸೋಮವಾರ ಎಂಬುದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ದಾಂಡೇಲಿಯಲ್ಲಿ ನಾವು ವಾರ ಎಣಿಸುತ್ತಿದ್ದದ್ದು ಮಿಲ್ಲಿನಲ್ಲಿ ಅಪ್ಪನ ಪಾಳಿ ನೋಡಿ. ಪರದೆಯನ್ನು ಕರಿಬಸಪ್ಪನವರತ್ತ ತಿರುಗಿಸಿ, ಜರಡಿಯ ಮೇಲೆ ಬೆರಳಿಟ್ಟೆ. ಮತ್ತೆ ತಾರೀಖಿನ ಮೇಲೆ. ಅವರು ಗಟ್ಟಿಯಾಗಿ ಓದಿದರು.

“ಸೋಮವಾರ?” ಬಾಗಿಲಿನಿಂದ ಶಂಕ್ರವ್ವ ಕೇಳಿದಳು. “ಸೋಮವಾರ ಬಸವಣ್ಣನ ಹೆಗಲಿಗೆ ನೊಗಾ ಇಡೂದಿಲ್ಲರಿ ನಾವು. ಮಷಿನ್ನೂ ಹೊಲಕ್ಕ ಇಳಸೂದಿಲ್ಲ. ಅವತ್ತ ನಾ ಯಾಕ ಬರ್ಲಿ?”

ಕರಿಬಸಪ್ಪ ತಲೆದೂಗಿದರು. ಅವರ ಮನೆಯಲ್ಲೂ ಅದೇ ರೂಢಿ. ಸೋಮವಾರ ಶೆಡ್ಡಿಗೆ ಯಾವ ರೈತನೂ ಬರುವುದಿಲ್ಲ. ಯಂತ್ರಗಳಿಗೆ ಎಣ್ಣೆ ಬಿಡಲೆಂದು ಒಳಗಿನವರೇ ಬೀಗ ತೆಗೆಯಬೇಕು. ಫಾರ್ಮಿನ ಪಾಸ್‌ವರ್ಡ್ ಆಫೀಸಿನ ನಮ್ಮ ಮೂವರಿಗೂ ಒಂದೇ. ಅಂದು ಕರಿಬಸಪ್ಪ ಹಳಿಯಾಳಕ್ಕೆ ಹೋಗಿದ್ದರು. ಉಳಿದವರು ಇಬ್ಬರು.

ದಾನೇಶ್ವರಿ ಅಕ್ಕ ನಕ್ಕಳು. “ಸೋಮವಾರ ನಾನು, ಸುವರ್ಣಾ ಮುಂಜಾನಿಂದ ಸಂಜೀತನಕ ಇಲ್ಲೇ ಕುಂತಿದ್ವಿ. ಶೆಡ್ಡಿನ ಕಡೆ ಯಾರೂ ಹೋಗಿಲ್ಲ. ಅಕೀನ್ನ ಕೇಳ್ರಿ.”

ಎಲ್ಲರೂ ನನ್ನತ್ತ ತಿರುಗಿದರು. ನಾನು ತಲೆಯಾಡಿಸಿದರೆ ಸಾಕಿತ್ತು. ನಾಳೆಯೂ ರೊಟ್ಟಿ ಇರುತ್ತಿತ್ತು.

ಆ ಸೋಮವಾರ ನಾನು ಟಿಬೆಟನ್ ಕಾಲೊನಿಯಲ್ಲಿದ್ದೆ. ಯಾವಾಗಲೂ ಒಬ್ಬಳೇ ಕೂತಿರುತ್ತೀ, ಹೋಗಿ ತಿರುಗಾಡಿ ಬಾ ಎಂದು ಅಕ್ಕನೇ ಅಟ್ಟಿದ್ದಳು. ಮಠದ ಅಂಗಳದಲ್ಲಿ ಕೂತೆ, ಬಿಸಿಬಿಸಿ ಮೊಮೊ ತಿಂದೆ. ‘ನನ್ನ ಬಗ್ಗೆ ಯೋಚಿಸುವವರು ಒಬ್ಬರಿದ್ದಾರೆ’ ಎಂದು ಅಂದು ಡೈರಿಯಲ್ಲಿ ಬರೆದಿದ್ದೆ.

ಶಂಕ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಇಲ್ಲರಿ,” ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. “ಸೋಮವಾರ ನಾ ಇಲ್ಲಿದ್ದಿಲ್ಲ.”

ದಾನೇಶ್ವರಿ ಅಕ್ಕನ ನಗು ತುಟಿಯ ಮೇಲೇ ನಿಂತಿತು. ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು. ಪಂಪು ತಮ್ಮನ ಹೊಲದಲ್ಲಿದೆ, ಗಿಡ ಚೇತರಿಸಿಕೊಂಡ ಮೇಲೆ ತಂದಿಡಬೇಕೆಂದಿದ್ದೆ, ಅಷ್ಟರಲ್ಲಿ ಯಾರಾದರೂ ಕೇಳಿದರೆ ಎಂದು ಶಂಕ್ರವ್ವನ ಸಾಲು ತಿದ್ದಿದೆ ಎಂದಳು. ಶಂಕ್ರವ್ವ ಓದು ಬಾರದವಳು, ಕಂಪ್ಯೂಟರಿನ ಎದುರು ಏನು ಹೇಳಿಯಾಳು ಅಂದುಕೊಂಡಿದ್ದಳಂತೆ. ಕರಿಬಸಪ್ಪ ಶಂಕ್ರವ್ವನಿಗೆ ಕುರ್ಚಿ ಎಳೆದುಕೊಟ್ಟರು. ಅವಳು ಕೂರಲಿಲ್ಲ.

ಹೊರಗೆ ಹೆಜ್ಜೆಯಿಡುವ ಮುನ್ನ ಅಕ್ಕ ನನ್ನ ಮೇಜಿನ ಬಳಿ ನಿಂತಳು.

“ಕಾಲೊನಿಗೆ ಹೋಗಿ ಬಂದಾಗ ನಿನಗ ಖುಷಿ ಆಗಿದ್ದಿಲ್ಲೇನ?”

ಚಹಾ ಆರಿ ಕೆನೆಗಟ್ಟಿತ್ತು. ಈ ಸಲ ನಾನು ಕೀಬೋರ್ಡ್ ನೋಡಲಿಲ್ಲ.

“ಆಗಿತ್ತಕ್ಕಾ. ಅದಕ್ಕ ಖರೇ ಹೇಳಾಕ ಇಷ್ಟೊತ್ತು ಹಿಡೀತು.”