ಬಚ್ಚಲ ಡ್ರಮ್ಮಿನಲ್ಲಿ ಮೂರು ಕ್ಯೂಬು

ಸಮಸ್ತ ನಾಗರಿಕರು ಈ ಮೂಲಕ ತಿಳಿಯತಕ್ಕದ್ದು: ತಲಾ ಎಂಟು ಕಿಲೋ ತೂಗುವ, ತಲೆದಿಂಬಿಗೂ ಒದಗದ ಮೂರು ಕಾಂಕ್ರೀಟ್ ಕ್ಯೂಬುಗಳು ಕಾಣೆಯಾಗಿವೆ. 28ನೇ ತಾರೀಕು ಬೆಳಿಗ್ಗೆ 10.20ಕ್ಕೆ ರಸ್ತೆ ಕಾಮಗಾರಿಯ ಲ್ಯಾಬ್ ಮುಖ್ಯಸ್ಥರು ಈ ದೂರನ್ನು ಠಾಣೆಗೆ ತಂದಾಗ ಪೇದೆ ಪೆನ್ನು ಕೆಳಗಿಟ್ಟ.

"ಕಲ್ಲು ಕಳುವಾಗಿದೆ ಅಂತೀರಾ ಸಾರ್?"

"ಕಲ್ಲಲ್ಲಪ್ಪ, ಕ್ಯೂಬು! ರಸ್ತೆಗೆ ಹಾಕಿದ ಕಾಂಕ್ರೀಟನ್ನೇ ಅಚ್ಚಿಗೆ ತುಂಬಿ ನೀರಿನ ತೊಟ್ಟೀಲಿ ಇಟ್ಟಿರ್ತೀವಿ. ಇಪ್ಪತ್ತೆಂಟನೇ ದಿನ ಮಷೀನಲ್ಲಿ ಒಡೆದು ಬಲ ನೋಡ್ತೀವಿ. ನಾಳೇನೇ ಆ ದಿನ."

"ಬಲ ಬರದಿದ್ರೆ?" ಇನ್‌ಸ್ಪೆಕ್ಟರ್ ಕೇಳಿದರು.

"ರಸ್ತೆ ಒಡೆಯೋದು. ಒಡೆಯೋ ಯಂತ್ರ ಆಗ್ಲೇ ಬಂದು ನಿಂತಿದೆ."

10.45ಕ್ಕೆ ಎಫ್‌ಐಆರ್. 11.30ಕ್ಕೆ ಸ್ಥಳ ಪಂಚನಾಮೆ. ತೊಟ್ಟಿಯ ಪಕ್ಕದಲ್ಲಿ ಹೊಸ ಮೋಟಾರು, ತಾಮ್ರದ ತಂತಿಯ ಸುರುಳಿ, ಮುಖ್ಯಸ್ಥರ ಹೊಚ್ಚ ಹೊಸ ಹೆಲ್ಮೆಟ್ಟು ಎಲ್ಲ ಕೂತಲ್ಲೇ ಕೂತಿದ್ದವು. ಹೋಗಿದ್ದು ಮೂರು ಕ್ಯೂಬು, ಜೊತೆಗೊಂದು ಗೋಣಿಚೀಲ. ತೊಟ್ಟಿಯಿಂದ ಗೇಟಿನವರೆಗೂ ಸುಣ್ಣದ ನೀರು ಹನಿದು ಒಣಗಿದ ಬಿಳಿ ಕಲೆ.

"ತಾಮ್ರ ಬಿಟ್ಟು ಕಲ್ಲು ಹೊತ್ತಿದಾನೆ ಸಾರ್. ಕಳ್ಳನಿಗೆ ತಲೆ ಕೆಟ್ಟಿದೆ" ಎಂದ ಪೇದೆ.

"ಒದ್ದೆ ಗೋಣೀಲಿ ಸುತ್ಕೊಂಡು, ಕೂಸು ಒಯ್ದ ಹಾಗೆ ಒಯ್ದಿದಾನೆ ಕಣಯ್ಯ." ಇನ್‌ಸ್ಪೆಕ್ಟರ್ ಮುಖ್ಯಸ್ಥರತ್ತ ತಿರುಗಿದರು. "ಇದು ಒಣಗಿದ್ರೆ ಏನಾಗುತ್ತೆ?"

"ಬಲ ಏರೋದು ನಿಲ್ಲುತ್ತೆ."

"ಹಂಗಾದ್ರೆ ಇದು ಚೆನ್ನಾಗಿರ್ಲಿ ಅನ್ನೋರ ಕೆಲಸ. ಏನು ಬೆರೆಸಿದ್ರಿ ಇದಕ್ಕೆ?"

ಅರ್ಧ ಸಿಮೆಂಟು, ಇನ್ನರ್ಧ ಉಕ್ಕಿನ ಕುಲುಮೆಯ ಕಿಟ್ಟದ ಪುಡಿ. ಸಿಮೆಂಟು ಸುಡುವಾಗಿನ ಹೊಗೆ ಹೆಚ್ಚುಕಡಿಮೆ ಅರ್ಧ ತಗ್ಗುತ್ತದೆ. ಬಲ ಮಾತ್ರ ತಡವಾಗಿ ಬರುತ್ತದೆ. ಏಳನೇ ದಿನ ಒಡೆದು ನೋಡಿದ ಬೇರೆ ಮೂರು ಕ್ಯೂಬು ನಪಾಸು. ಈ ಪಾಕ ಹಾಕಿಕೊಟ್ಟಾಕೆ ಸೈಟಿನ ಕಿರಿಯ ಇಂಜಿನಿಯರ್. ಎಲ್ಲರ ಬಾಯಲ್ಲಿ 'ಪುಡಿ ಮೇಡಂ'.

12.40ಕ್ಕೆ ಆಕೆಯ ಮನೆ. ಬಾಗಿಲು ತೆಗೆದದ್ದು ಅತ್ತೆ.

"ನೀರು ತುಂಬಿಡೋ ಡ್ರಮ್ಮು ಎಲ್ಲಿದೆ ಅಮ್ಮಾ?"

"ಅಯ್ಯೋ ಪುಣ್ಯಾತ್ಮ, ಅದನ್ನ ಕೇಳೋರು ಒಬ್ರಾದ್ರೂ ಬಂದ್ರಲ್ಲ! ಬಚ್ಚಲಲ್ಲಿದೆ. ನಿನ್ನೆ ಸಂಜೆಯಿಂದ ಚೊಂಬು ಅದ್ದೋ ಹಾಗಿಲ್ಲ. ನನ್ನ ಬೆನ್ನುಜ್ಜೋಕೆ ಪುರುಸೊತ್ತಿಲ್ಲ, ಕಲ್ಲಿಗೆ ಮಾತ್ರ ಹಗಲೂ ರಾತ್ರಿ ಸ್ನಾನ!"

"ಅತ್ತೇ!" ಊಟಕ್ಕೆ ಬಂದಿದ್ದ ಸೊಸೆ ಒಳಗಿಂದ ಕೂಗಿದಳು.

"ಏನು, ಅತ್ತೇ ಅಂತೀಯ? ಪೊಲೀಸ್ನೋರ ಹತ್ರ ಸುಳ್ಳು ಹೇಳ್ಲಾ?"

ಡ್ರಮ್ಮಿನಲ್ಲಿ ಮೂರು ಕ್ಯೂಬು, ನೀರಿನ ಬಿಸಿ ನೋಡಲು ಒಂದು ಥರ್ಮಾಮೀಟರು.

"ಯಾಕಮ್ಮಾ ಹಿಂಗೆ?"

"ನಾಳೆ ಒಡೆದ್ರೆ ಸೋಲುತ್ತೆ ಸಾರ್. ಐವತ್ತಾರನೇ ದಿನ ಒಡೆದ್ರೆ ಗೆಲ್ಲುತ್ತೆ. ಚಿನ್ನದಂಥ ರಸ್ತೆ! ಟೈಮ್ ಕೊಡಿ ಅಂತ ಮೂರು ಸಲ ಬರೆದೆ, ಯಾರೂ ಓದ್ಲಿಲ್ಲ. ಆ ದಿನ ನಾನೇ ತಂದಿಡ್ತಿದ್ದೆ."

1.15ಕ್ಕೆ ಬಂಧನ. ಸಂಜೆಯೇ ಜಾಮೀನು, ಜಾಮೀನಿಗೆ ನಿಂತದ್ದು ಅತ್ತೆ. ಕೇಸ್ ಡೈರಿಯಲ್ಲಿ 'ಕಾರಣ' ಎಂಬಲ್ಲಿ ಇನ್‌ಸ್ಪೆಕ್ಟರ್ ಬರೆದರು: 'ಇನ್ನೂ ಇಪ್ಪತ್ತೆಂಟು ದಿನ ಬೇಕಿತ್ತು.'

'ನೀರಿನಲ್ಲಿ ಮುಳುಗಿದ ಸ್ಥಿತಿಯಲ್ಲಿ ಜಪ್ತಿ' ಎಂದು ಪಂಚನಾಮೆ ಹೇಳಿದ ಮೇಲೆ ಸ್ಥಿತಿ ಬದಲಿಸುವಂತಿಲ್ಲ. ಡ್ರಮ್ಮು ನೀರಿನ ಸಮೇತ ಠಾಣೆಗೆ ಬಂತು. ಪುಡಿ ಮೇಡಂ ಖುಷಿಯಿಂದ ನ್ಯಾಯಾಲಯಕ್ಕೆ ಅರ್ಜಿ ಹಾಕಿದಳು: ಐವತ್ತಾರನೇ ದಿನ ಕ್ಯೂಬುಗಳನ್ನು ಪರೀಕ್ಷಿಸಬೇಕು, ರಸ್ತೆಯ ಮಾನ ಉಳಿಯಬೇಕು.

ಆದೇಶ ಎರಡೇ ಸಾಲು. ಪರೀಕ್ಷೆ ಎಂದರೆ ಒಡೆಯುವುದು. ವಿಚಾರಣೆ ಮುಗಿಯುವ ತನಕ ಸಾಕ್ಷ್ಯವನ್ನು ಒಡೆಯುವಂತಿಲ್ಲ.

"ಅಯ್ಯೋ, ನನ್ನ ಪ್ಲಾನೆಲ್ಲ ನೀರಲ್ಲೇ ಉಳೀತು!" ಎಂದು ಆಕೆ ಬೆಂಚಿನ ಮೇಲೆ ಕುಸಿದಳು.

ಪಕ್ಕದಲ್ಲಿ ಲ್ಯಾಬ್ ಮುಖ್ಯಸ್ಥರು ರಸ್ತೆ ಗುತ್ತಿಗೆಯ ಕರಾರು ತಿರುವಿಹಾಕುತ್ತಿದ್ದರು. "ನಂದೂ ಅಷ್ಟೇ ಕಣಮ್ಮಾ. ಆ ಮೂರು ಕ್ಯೂಬಿನ ಫಲಿತಾಂಶ ಕೈಗೆ ಬರದೆ ರಸ್ತೆ ಒಡೆಯೋ ಹಾಗಿಲ್ವಂತೆ."

ಮರುದಿನ ಬೆಳಿಗ್ಗೆ 9ಕ್ಕೆ ಒಡೆಯುವ ಯಂತ್ರ ವಾಪಸು ಹೊರಟಿತು. ಹದಿನೆಂಟು ಟನ್ ತೂಕ, ಹೋಗಲು ಇದ್ದದ್ದು ತಾನು ಒಡೆಯಬೇಕಿದ್ದ ಅದೊಂದೇ ರಸ್ತೆ. ಅತ್ತೆ ಸೊಸೆ ಅಂಚಿನಲ್ಲಿ ನಿಂತು ಕೊನೆಯ ತನಕ ನೋಡಿದರು. ಕೂದಲೆಳೆಯಷ್ಟೂ ಬಿರುಕು ಬಿಡಲಿಲ್ಲ.