ಮೂರಕ್ಕಾ, ಮೂರಾದ ಮೇಲಾ?

"ಏಳ್ರೀ ಮೇಲೆ. ನಿಮ್ಮ ಟರ್ನ್ ಮುಗೀತು. ವೀಲ್‌ಚೇರ್ ಸಿಕ್ತು ಅಂತ ಸೋಫಾ ಮಾಡ್ಕೊಂಡ್ರಾ?"

ಹೊಸ ಮೇಡಂ ಕ್ಲಾಸಿಗೆ ಬಂದು ಆಡಿದ ಮೊದಲ ಮಾತೇ ಇದು. ಇಡೀ ಹಾಲ್ ಉಸಿರು ಹಿಡಿದುಕೊಂಡಿತು.

ಅವಳ ತಪ್ಪೇನೂ ಇರಲಿಲ್ಲ. ಮನೆಮನೆಗೆ ಹೋಗಿ ವಯಸ್ಸಾದವರನ್ನು, ಕಾಯಿಲೆಯವರನ್ನು, ಓಡಾಡಲು ಆಗದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಜನರನ್ನು ತಯಾರು ಮಾಡುವ ಕೇಂದ್ರ ಅದು. ಅಲ್ಲಿ ಮಂಚದ ಮೇಲೆ ನರಳುವವರೆಲ್ಲ ಗುಂಡುಕಲ್ಲಿನಂಥ ವಿದ್ಯಾರ್ಥಿಗಳೇ. ಸರದಿಯ ಮೇಲೆ ಒಬ್ಬರು ರೋಗಿ, ಒಬ್ಬರು ಆರೈಕೆಯವರು. ರೋಗಿಯ ಪಾತ್ರಕ್ಕೆ ಮಾತ್ರ ಯಾವತ್ತೂ ನೂಕುನುಗ್ಗಲು. ಹೀಗಿರುವಾಗ ಕಿಟಕಿಯ ಪಕ್ಕ ವೀಲ್‌ಚೇರಿನಲ್ಲಿ ಕೂತು, ಮೀಸೆಯಡಿ ನಗುತ್ತಾ ಪೇಪರ್ ಓದುತ್ತಿದ್ದ ಆ ಅಗಲ ಭುಜದ ಆಸಾಮಿಯನ್ನು ಅವಳು ಮೈಗಳ್ಳ ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅವನು ನಿಧಾನವಾಗಿ ಪೇಪರ್ ಮಡಚಿದ.

"ಏಳೋಕೆ ನಾನೂ ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ ಮೇಡಂ. ನೀವು ಇಷ್ಟು ಗಟ್ಟಿಯಾಗಿ ಹೇಳ್ತಿದೀರಿ ಅಂದ್ಮೇಲೆ ಇನ್ನೊಂದ್ಸಲ ಟ್ರೈ ಮಾಡ್ಲಾ?"

ಎಲ್ಲೋ ಒಬ್ಬ ಕಿಸಕ್ಕೆಂದ. ಅವಳ ಕಿವಿಯ ತುದಿಯವರೆಗೂ ಬಿಸಿ ಏರಿತು. ಬೇರೆ ಯಾರಾದರೂ ಆಗಿದ್ದರೆ 'ಅಯ್ಯೋ, ಸಾರಿ, ಪಾಪ' ಎಂದು ಕರಗಿ ನೀರಾಗುತ್ತಿದ್ದರು. ಅವಳಿಗೆ ನೀರಾಗುವ ಅಭ್ಯಾಸವಿರಲಿಲ್ಲ. ಅವಳು ನೇರ ಅವನ ಚಕ್ರ ನೋಡಿದಳು.

"ಏಳೋದು ಆಮೇಲೆ. ಮೊದಲು ಬ್ರೇಕ್ ಹಾಕಿ. ಇಪ್ಪತ್ತು ವರ್ಷದ ಸರ್ವಿಸ್ ಇದೆ, ಬ್ರೇಕ್ ಹಾಕ್ದೆ ಕೂತಿದೀರಲ್ಲ, ನಾಚಿಕೆ ಆಗಲ್ವಾ?"

ಅವನು ಬಗ್ಗಿ ನೋಡಿದ. ನಿಜ, ಬ್ರೇಕ್ ಹಾಕಿರಲಿಲ್ಲ. ಕಟ್ ಎಂದು ಹಾಕಿದ. ಹಾಕಿ ತಲೆಯೆತ್ತಿದಾಗ ಅವನ ಕಣ್ಣಲ್ಲಿ ಯಾವುದೋ ಬ್ರೇಕ್ ಬಿಟ್ಟುಹೋಗಿತ್ತು. ಪಾಪ ಎನ್ನದೆ ಬೈದವರು ಅವನಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಅವನದು ಎದುರು ಬೀದಿಯಲ್ಲಿ ಬೀಗ ರಿಪೇರಿ ಅಂಗಡಿ. ಹರೆಯದಲ್ಲಿ ಬೈಕಿನಿಂದ ಬಿದ್ದಾಗ ಎರಡೂ ಕಾಲು ಮಾತು ಕೇಳುವುದನ್ನು ನಿಲ್ಲಿಸಿದ್ದವು. ಎಡ ಭುಜವೂ ಅಷ್ಟಕ್ಕಷ್ಟೇ, ಹಾಗಾಗಿ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ದಾಟಿಸಲು ಒಂದು ಜೊತೆ ಕೈ ಬೇಕೇ ಬೇಕು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಲ್ಲಿ ಅವನು ಕೇಂದ್ರಕ್ಕೆ ಬಂದು ವಿದ್ಯಾರ್ಥಿಗಳಿಗೆ 'ಅಸಲಿ ರೋಗಿ' ಆಗುತ್ತಿದ್ದ. ಅದಕ್ಕೆ ಸಂಬಳವೂ ಇತ್ತು. ರೋಗ ಮಾತ್ರ ಇರಲಿಲ್ಲ. "ನನಗೆ ಕಾಯಿಲೆ ಇಲ್ಲ ಮೇಡಂ, ಕಾಲಿಲ್ಲ ಅಷ್ಟೇ" ಅನ್ನುತ್ತಿದ್ದ. "ಕಾಯಿಲೆ ಬೇಕು ಅಂದ್ರೆ ಆ್ಯಕ್ಟಿಂಗಿಗೆ ಎಕ್ಸ್‌ಟ್ರಾ ಆಗತ್ತೆ."

ಆ್ಯಕ್ಟಿಂಗ್‌ನಲ್ಲಿ ಅವನದು ಎತ್ತಿದ ಕೈ. ಒಂದು ದಿನ ಕಿವಿ ಕೇಳದ ಮುದುಕ, ಮರುದಿನ ಮಾತ್ರೆ ಉಗಿಯುವ ನಿವೃತ್ತ ಹೆಡ್‌ಮಾಸ್ಟರು, ಇನ್ನೊಂದು ದಿನ 'ನನ್ನ ಸೊಸೆನೇ ನನ್ನ ಹಲ್ಲಿನ ಸೆಟ್ ಕದ್ದಿದಾಳೆ' ಎಂದು ಬೊಬ್ಬೆ ಹೊಡೆಯುವ ಅಜ್ಜಿ. ವಿದ್ಯಾರ್ಥಿಗಳು ಬೆವರುತ್ತಿದ್ದರು. ಅವಳು ಬೋರ್ಡಿನ ಕಡೆ ತಿರುಗಿ ನಗುತ್ತಿದ್ದಳು.

ಅವಳ ಪಾಠದಲ್ಲಿ ಒಂದೇ ಕಟ್ಟುನಿಟ್ಟು. "ಹೇಳಿ, ಕೇಳಿ, ಕಾಯಿರಿ. ಏನು ಮಾಡ್ತೀನಿ ಅಂತ ಹೇಳಿ. ಮಾಡಬಹುದಾ ಅಂತ ಕೇಳಿ. ಉತ್ತರ ಬರೋವರೆಗೂ ಕಾಯಿರಿ. ಅಲ್ಲೀವರೆಗೆ ಅವರ ಬೆರಳೂ ಮುಟ್ಟಂಗಿಲ್ಲ. ಮಲಗಿದೋರು ಅಂತ ಅವರ ಮೈ ಸಾರ್ವಜನಿಕ ರಸ್ತೆ ಅಲ್ಲ."

ಇದು ಎಲ್ಲರಿಗಿಂತ ಕಷ್ಟವಾದದ್ದು ಕಂಡಕ್ಟರಿಗೆ. ಹಿಂದೆ ಬಸ್ ಕಂಡಕ್ಟರ್ ಆಗಿದ್ದ ದೈತ್ಯ ದೇಹದ ಮನುಷ್ಯ. ಮೆದು ಮನಸ್ಸು, ಒರಟು ಗಂಟಲು. ರೋಗಿಯನ್ನು ಪಕ್ಕಕ್ಕೆ ಹೊರಳಿಸುವಾಗಲೂ ಅಭ್ಯಾಸಬಲದಿಂದ "ಒಳಗೆ ಹೋಗಿ, ಒಳಗೆ ಜಾಗ ಇದೆ" ಅನ್ನುತ್ತಿದ್ದ. ಎತ್ತುವಾಗ ಅವನಿಗೆ ದಿನಾ ಒಂದೇ ಅನುಮಾನ.

"ಒಂದು, ಎರಡು, ಮೂರು ಅಂತೀವಲ್ಲ ಮೇಡಂ. ಎತ್ತೋದು ಮೂರಕ್ಕಾ, ಮೂರಾದ ಮೇಲಾ?"

"ಅದನ್ನ ರೋಗಿ ಹತ್ರ ಮೊದಲೇ ಮಾತಾಡ್ಕೋಬೇಕು. ನೀವು ಮೂರಕ್ಕೆ ಅಂದ್ಕೊಂಡು, ಅವರು ಮೂರಾದ ಮೇಲೆ ಅಂದ್ಕೊಂಡ್ರೆ ಇಬ್ಬರೂ ನೆಲಕ್ಕೆ."

"ನಾನಂತೂ ಅರ್ಧಕ್ಕೇ ರೆಡಿ" ಎಂದ ಬೀಗದವನು. ಹೇಳಿದ್ದು ಕಂಡಕ್ಟರಿಗೆ, ನೋಡಿದ್ದು ಅವಳನ್ನು.

ಎತ್ತಿ ದಾಟಿಸುವುದನ್ನು ಅವಳೇ ಮಾಡಿ ತೋರಿಸಬೇಕಾಗುತ್ತಿತ್ತು. ಕುರ್ಚಿಯನ್ನು ಮಂಚಕ್ಕೆ ಓರೆಯಾಗಿಟ್ಟು, ಕಾಲಿಡುವ ಹಲಗೆ ಮಡಚಿ, ಅವನ ಸೊಂಟಕ್ಕೆ ಪಟ್ಟಿ ಕಟ್ಟಿ, ಅವನ ಮೊಣಕಾಲಿಗೆ ತನ್ನ ಮೊಣಕಾಲು ಒತ್ತಿಟ್ಟು ಬಗ್ಗಿದಾಗ ಅವನ ಗಲ್ಲ ಅವಳ ಭುಜಕ್ಕೆ ಬರುತ್ತಿತ್ತು. ಅವನ ಮೈಯಿಂದ ಬೀಗದ ಎಣ್ಣೆ, ಕಬ್ಬಿಣ ಮತ್ತು ಸೋಪಿನ ವಾಸನೆ.

"ಬೆನ್ನು ನೇರ ಇರಲಿ" ಎಂದು ಅವಳು ಕ್ಲಾಸಿಗೆ ಹೇಳುತ್ತಿದ್ದಳು. "ಉಸಿರು ಬಿಗಿ ಹಿಡೀಬಾರದು."

"ಮೇಡಂ, ನೀವೇ ಹಿಡಿದಿದೀರಿ" ಎಂದು ಅವಳ ಕಿವಿಯ ಹತ್ತಿರ ಅವನು ಪಿಸುಗುಟ್ಟುತ್ತಿದ್ದ.

ಮೂವತ್ತಾರು ದಾಟಿದ ಅವಳು ಇಷ್ಟು ವರ್ಷದಲ್ಲಿ ಎಷ್ಟು ಜನರನ್ನು ಎತ್ತಿ ಕೂರಿಸಿದ್ದಳೋ ಲೆಕ್ಕವಿಲ್ಲ. ಎತ್ತಿದವಳ ಎದೆಯೇ ಹೀಗೆ ಕುಸಿಯಬಹುದೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಆಮೇಲೊಂದು ದಿನ ಅನಾಹುತವಾಯಿತು. ಮಾತ್ರೆಗಳ ಬಗ್ಗೆ ಪಾಠ ನಡೆಯುತ್ತಿತ್ತು. ಮಾತಾಡುತ್ತಾ ಓಡಾಡುತ್ತಾ ಅವಳು ಅವನ ಕುರ್ಚಿಯ ಹತ್ತಿರ ಬಂದಳು. ಅವನ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಅವಳ ಕೈ ತಾನಾಗಿ ಹೋಗಿ ಕಾಲರನ್ನು ಸರಿಮಾಡಿತು. ಸರಿಮಾಡಿ ಅಲ್ಲೇ ಒಂದು ಕ್ಷಣ ಹೆಚ್ಚು ನಿಂತಿತು.

"ಮೇಡಂ!" ಎಂದು ಕಂಡಕ್ಟರ್ ಗುಡುಗಿದ. "ನೀವು ಹೇಳ್ಲಿಲ್ಲ!"

"ಕೇಳ್ಲೂ ಇಲ್ಲ!" ಎಂದಿತು ಮುಂದಿನ ಬೆಂಚು.

"ಕಾಯ್ಲೂ ಇಲ್ಲ!" ಎಂದಿತು ಹಿಂದಿನ ಬೆಂಚು.

ಕೈ ಬಿಸಿ ತವಾ ಮುಟ್ಟಿದಂತೆ ಹಿಂದೆ ಬಂತು. ಸೀಮೆಸುಣ್ಣ ಕೆಳಗೆ ಬಿತ್ತು. ಬೀಗದವನು ಮಾತ್ರ ಕಾಲರನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ನ್ಯಾಯಾಧೀಶರ ಗಾಂಭೀರ್ಯದಲ್ಲಿ ಹೇಳಿದ: "ನನ್ನ ಕಡೆಯಿಂದ ಕಂಪ್ಲೇಂಟ್ ಇಲ್ಲ."

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಚೆನ್ನಾಗಿಯೇ ಇದ್ದ ತನ್ನ ಬೀಗವೊಂದನ್ನು ಬ್ಯಾಗಿಗೆ ಹಾಕಿಕೊಂಡು ಎದುರು ಬೀದಿಗೆ ಹೋದಳು. ಅಂಗಡಿಯ ಗೋಡೆ ತುಂಬ ಕೀಲಿಗಳು ತೂಗುತ್ತಿದ್ದವು. ಅವನು ಬೀಗವನ್ನು ಅತ್ತಿತ್ತ ತಿರುಗಿಸಿ, ತೆಗೆದು, ಹಾಕಿ, ಮತ್ತೆ ತೆಗೆದ.

"ಇದಕ್ಕೇನೂ ಆಗಿಲ್ಲ."

"ಗೊತ್ತು. ನಿಮಗೇನಾಗಿದೆ?"

ಅವನು ಬೀಗವನ್ನು ಕೆಳಗಿಟ್ಟ. ಮೊದಲ ಸಲ ಅವನ ಮೀಸೆಯಡಿ ನಗು ಇರಲಿಲ್ಲ.

"ಇನ್ಮೇಲೆ ನೀವು ನನ್ನ ಎತ್ಬೇಡಿ."

ಅವಳ ಮುಖ ಬಾಡಿತು. "ನಾನು ಮುಟ್ಟಿದ್ದು ತಪ್ಪಾಯ್ತು..."

"ಮುಟ್ಟಿದ್ದು ತಪ್ಪಲ್ಲ ಮಾರಾಯ್ತಿ! ಎತ್ತೋದೇ ತಪ್ಪು. ಎತ್ತುವಾಗ ನಾನು ನಿಮ್ಮ ಕಿವಿಯೋಲೆ ನೋಡ್ತಿರ್ತೀನಿ, ನೀವು ನನ್ನ ಮೊಣಕಾಲು ಎಲ್ಲಿದೆ ಅಂತ ನೋಡ್ತಿರ್ತೀರಿ. ನಾನು ನಿಮ್ಮ ಕೆಲಸ ಆಗ್ಬಿಟ್ಟಿದೀನಿ. ಕೆಲಸ ಅಂದ್ರೆ ಸಂಜೆಯಾದ್ರೆ ಸಾಕಪ್ಪಾ ಅನ್ಸತ್ತೆ. ನಿಮಗೆ ನಾನು ಸಾಕಪ್ಪಾ ಅನ್ನಿಸೋದು ನನಗೆ ಬೇಡ."

"ಮತ್ತೆ ಏನನ್ನಿಸ್ಬೇಕು?"

"ಬೇಕಪ್ಪಾ ಅನ್ನಿಸ್ಬೇಕು."

ಹೊರಗೆ ಯಾವುದೋ ಸೈಕಲ್ಲಿನ ಗಂಟೆ ಕೇಳಿಸಿತು. ಅವಳು ಬೀಗವನ್ನು ಬ್ಯಾಗಿಗೆ ಹಾಕಿಕೊಂಡಳು. ಕೀಲಿಯನ್ನು ಅವನ ಮೇಜಿನ ಮೇಲೇ ಬಿಟ್ಟಳು. ಬಾಗಿಲ ಹತ್ತಿರ ತಿರುಗಿ, "ಕೀಲಿ ಮರೆತಿಲ್ಲ. ಬಿಟ್ಟು ಹೋಗ್ತಿದೀನಿ" ಎಂದಳು.

ಸುದ್ದಿಗೆ ವೀಲ್‌ಚೇರ್ ಬೇಕಿಲ್ಲ, ಅದು ಓಡುತ್ತದೆ. ಆ ವಾರದ ಕೊನೆಗೇ ಬೀಗದವನ ಅಕ್ಕ ಅವಳ ಮನೆಗೆ ಬಂದರು. ಬೀಗದವನ ಅಕ್ಕ ಬೀಗಿತ್ತಿಯಾಗಲು ಬಂದವರು, ಹೊಸ್ತಿಲಲ್ಲೇ ಬೀಗುತ್ತಿದ್ದರು.

"ನಮ್ಮ ತಲೆ ಮೇಲಿನ ಕಲ್ಲು ಇಳೀತು ನೋಡಿ" ಎಂದು ಅವಳ ಅಮ್ಮನ ಎದುರು ಕೂತು ಟೀ ಲೋಟ ಹಿಡಿದರು. "ಟ್ರೈನಿಂಗ್ ಆದೋಳೇ ಸಿಕ್ಕಿದಾಳೆ. ಎತ್ತೋದು, ಇಳಿಸೋದು, ಸ್ನಾನ ಎಲ್ಲಾ ಗೊತ್ತು. ನಮ್ಮಂಥ ಮನೆಗೆ ಇಂಥ ಸೊಸೆ ಸಿಗೋದು ಅಂದ್ರೆ ಸುಮ್ನೇನಾ? ಇನ್ನು ಮೇಲೆ ನನಗೂ ನನ್ನ ಸಂಸಾರ ಅಂತ ನೋಡ್ಕೋಬಹುದು."

ಅಮ್ಮನ ಮುಖ ಗಂಟಾಯಿತು. "ಹೊರಗಡೆ ಇಡೀ ದಿನ ಅದೇ ಚಾಕರಿ, ಮನೆಗೆ ಬಂದ್ರೂ ಅದೇ ಚಾಕರೀನಾ? ನನ್ನ ಮಗಳು ತ್ಯಾಗ ಮಾಡೋಕೆ ಹುಟ್ಟಿಲ್ಲ."

ಒಬ್ಬರಿಗೆ ಲಾಭ, ಒಬ್ಬರಿಗೆ ತ್ಯಾಗ. ನಡುವೆ ಕೂತ ಹೆಂಗಸು ಯಾರಿಗೂ ಕಾಣಿಸುತ್ತಿರಲಿಲ್ಲ. ಅವಳು ಎದ್ದು ನಿಂತಳು.

"ಅಮ್ಮ, ನಾನು ತ್ಯಾಗ ಮಾಡಲ್ಲ. ಅಕ್ಕ, ನಾನು ಚಾಕರಿನೂ ಮಾಡಲ್ಲ. ಮದುವೆಯಾದ ಮೇಲೆ ನಾನು ಅವರನ್ನ ಎತ್ತಲ್ಲ, ಇಳಿಸಲ್ಲ, ಸ್ನಾನ ಮಾಡಿಸಲ್ಲ. ಬೆಳಿಗ್ಗೆ ಸಂಜೆ ಅದಕ್ಕೆ ಬೇರೆಯವರು ಬರ್ತಾರೆ, ಟ್ರೈನಿಂಗ್ ಆದೋರು."

ಅಕ್ಕನ ಲೋಟ ಗಾಳಿಯಲ್ಲೇ ನಿಂತಿತು. "ಅಯ್ಯೋ! ಮತ್ತೆ ಹೆಂಡ್ತಿ ಅಂತ ಯಾಕೆ?"

"ಜಗಳ ಆಡೋಕೆ. ಅವರ ಮೀಸೆ ಚೆನ್ನಾಗಿಲ್ಲ ಅಂತ ಹೇಳೋಕೆ. ಪಕ್ಕದಲ್ಲಿ ಕೂತ್ಕೊಂಡು ಸುಮ್ನೆ ಇರೋಕೆ. ಕೈಹಿಡಿಯೋಳು ಬೇರೆ, ಕೈಹಿಡಿದು ಎಬ್ಬಿಸೋಳು ಬೇರೆ ಅಕ್ಕ. ಎರಡೂ ನಾನೇ ಆದ್ರೆ ಕೊನೆಗೆ ಎಬ್ಬಿಸೋಳು ಮಾತ್ರ ಉಳೀತಾಳೆ."

"ಜನ ಏನಂತಾರೆ? ಇಷ್ಟು ಕಲ್ತೋಳು ಸ್ವಂತ ಗಂಡನ್ನ ಮುಟ್ಟಲ್ಲ ಅಂದ್ರೆ?"

"ಮುಟ್ಟಲ್ಲ ಅಂತ ಯಾರಂದ್ರು?" ಎಂದಳು ಅವಳು. ಅಮ್ಮ ಥಟ್ಟನೆ ಕೆಮ್ಮಿದರು. "ಎತ್ತಲ್ಲ ಅಂದೆ. ಜನ ಏನಾದ್ರೂ ಅನ್ಲಿ. ಬಂದು ಎತ್ತಲಿ, ಆಮೇಲೆ ಅನ್ಲಿ."

ಅಕ್ಕ ಸಿಟ್ಟಿನಿಂದ ಎದ್ದರು. ಏಳುವಾಗ ಎಡಗೈ ಸೊಂಟಕ್ಕೆ ಹೋಯಿತು, ಹಲ್ಲು ಕಚ್ಚಿದರು. ಅವಳ ಕಣ್ಣಿಂದ ಅದು ತಪ್ಪಿಸಿಕೊಳ್ಳಲಿಲ್ಲ.

"ಎಷ್ಟು ವರ್ಷದಿಂದ ಈ ನೋವು?"

ಅಕ್ಕನ ಬೀಗುತ್ತಿದ್ದ ಮುಖ ಮೆಲ್ಲಗೆ ಇಳಿಯಿತು. "ಪ್ರೀತಿಯಿಂದಲೇ ಮಾಡ್ದೆ ಕಣಮ್ಮ. ಬೇಜಾರಿಂದಲ್ಲ. ಅಮ್ಮ ಹೋದ ಮೇಲೆ ಇನ್ಯಾರಿದ್ರು?"

"ಗೊತ್ತು. ಪ್ರೀತಿ ಎಷ್ಟಿದ್ರೂ ಸೊಂಟಕ್ಕೆ ಅದು ಅರ್ಥ ಆಗಲ್ಲ. ನಿಮಗೆ ಎತ್ತೋದು ಹೇಗೆ ಅಂತ ಒಬ್ಬರೂ ಹೇಳಿಕೊಡ್ಲಿಲ್ಲ. ಈಗ ನಿಮ್ಮ ಜಾಗಕ್ಕೆ ನಾನು ಬಂದು, ಇನ್ನೊಂದಷ್ಟು ವರ್ಷಕ್ಕೆ ನಾನೂ ಹೀಗೇ ಸೊಂಟ ಹಿಡ್ಕೊಂಡು ಏಳ್ಬೇಕಾ?"

ಅಕ್ಕ ಚಪ್ಪಲಿ ಹಾಕಿಕೊಳ್ಳಲು ಬಗ್ಗುವಾಗ ಅವಳು "ನಿಮ್ಮ ಕೈ ಹಿಡ್ಕೊಳ್ಲಾ?" ಎಂದು ಕೇಳಿ ನಿಂತಳು. ಅಕ್ಕ ಬಹಳ ಹೊತ್ತು ಅವಳ ಮುಖ ನೋಡಿ, ಕೈ ಕೊಟ್ಟರು. ಅವರಿಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬೀಗದವನು ಮತ್ತೆ ಬಂದ. ಇಸ್ತ್ರಿ ಮಾಡಿದ ಅಂಗಿ, ಬೇಕೆಂದೇ ಮಡಚಿದ ಕಾಲರ್. ಹಿಂದಿನ ಬೆಂಚಿನಲ್ಲಿ ಅಕ್ಕ ಸೆಟೆದು ಕೂತಿದ್ದರು. 'ನೋಡೇಬಿಡ್ತೀನಿ, ಆ ಬೇರೆಯವರು ಅನ್ನೋರು ಹೇಗೆ ಎತ್ತುತ್ತಾರೆ ಅಂತ' ಎಂದು ಬಂದವರು. ಅವರ ಪಕ್ಕದಲ್ಲಿ ಅಮ್ಮ, ಮುಖ ಗಂಟು ಹಾಕಿಕೊಂಡೇ.

ಕಂಡಕ್ಟರಿನ ಸರದಿ. ಅವನು ಬ್ರೇಕ್ ಹಾಕಿದ. ಹಲಗೆ ಮಡಚಿದ. ಬಗ್ಗಿ, ಆ ಒರಟು ಗಂಟಲನ್ನು ಆದಷ್ಟೂ ಮೆತ್ತಗೆ ಮಾಡಿಕೊಂಡು, "ಸಾರ್, ನಿಮ್ಮ ಸೊಂಟದ ಪಟ್ಟಿ ಹಿಡಿದು ಮಂಚಕ್ಕೆ ದಾಟಿಸ್ತೀನಿ. ಆಗಬಹುದಾ?" ಎಂದು ಕಾದ.

"ಆಗಬಹುದು. ಮೂರಕ್ಕಾ, ಮೂರಾದ ಮೇಲಾ?"

"ಮೂರಕ್ಕೇ ಸಾರ್."

ಒಂದು, ಎರಡು, ಮೂರು. ಬೀಗದವನು ಮಂಚದ ಅಂಚಿನಲ್ಲಿದ್ದ. ಒಂದು ಉಬ್ಬಸವಿಲ್ಲ, ಒಂದು ಅಯ್ಯೋ ಇಲ್ಲ. ಹಿಂದಿನ ಬೆಂಚಿನಲ್ಲಿ ಅಕ್ಕನ ಕೈ ಸೊಂಟದಿಂದ ಮೆಲ್ಲಗೆ ಜಾರಿ ಮಡಿಲಿಗೆ ಬಂತು.

"ಇವನೇನಾ ಬೆಳಿಗ್ಗೆ ಸಂಜೆ ಬರೋನು?" ಎಂದು ಕೇಳಿದರು, ಇಡೀ ಹಾಲಿಗೆ ಕೇಳುವಂತೆ. "ನಾಳೆಯಿಂದಲೇ ಬರ್ಲಿ."

"ಟಿಕೆಟ್ ಕನ್ಫರ್ಮ್!" ಎಂದ ಕಂಡಕ್ಟರ್.

ಅವಳು ಮಾರ್ಕ್ಸ್ ಹಾಕುವುದನ್ನು ಬಿಟ್ಟು ಹೋಗಿ ಮಂಚದ ಅಂಚಿನಲ್ಲಿ ಅವನ ಪಕ್ಕ ಕೂತಳು. ಇಷ್ಟು ದಿನ ಒಂದೋ ಅವಳು ಮೇಲಿಂದ ನೋಡಿದ್ದಳು, ಇಲ್ಲವೇ ಅವನ ಮೊಣಕಾಲು ನೋಡಿದ್ದಳು. ಇವತ್ತು ಮೊದಲ ಸಲ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದವು. ಹತ್ತಿರದಿಂದ ನೋಡಿದರೆ ಮೀಸೆ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಅವನು ಅಂಗಿಯ ಜೇಬಿನಿಂದ ಕೀಲಿ ತೆಗೆದು ತೋರಿಸಿದ. "ವಾಪಸ್ ಬೇಕಾ?"

"ಬೇಡ. ಅಲ್ಲೇ ಇರ್ಲಿ."

ಕೀಲಿ ಜೇಬಿಗೆ ಹೋಯಿತು. ಅವಳು ಇಡೀ ಕ್ಲಾಸಿಗೆ, ಅಕ್ಕನಿಗೆ, ಅಮ್ಮನಿಗೆ ಕೇಳುವಂತೆ ದನಿ ಎತ್ತಿದಳು.

"ನಿಮ್ಮ ಕೈ ಹಿಡೀತೀನಿ. ಹೇಳಿದೀನಿ. ಹಿಡೀಬಹುದಾ? ಕೇಳಿದೀನಿ. ಈಗ ಕಾಯ್ತಿದೀನಿ."

ಅವನು ಚಾವಣಿ ನೋಡಿದ. ಮೀಸೆ ತಿರುವಿದ. ಇಪ್ಪತ್ತು ವರ್ಷ ಬೇರೆಯವರ ಕೈಗೆ ಕಾದವನು, ತನಗಾಗಿ ಒಬ್ಬರು ಕಾಯುವ ಸುಖವನ್ನು ಚಪ್ಪರಿಸಿ ಚಪ್ಪರಿಸಿ ಅನುಭವಿಸಿದ. ಅವಳ ಅಂಗೈ ಗಾಳಿಯಲ್ಲಿ ತೆರೆದೇ ಇತ್ತು, ಬೆವರುತ್ತಿತ್ತು, ಆದರೆ ಒಂದಿಷ್ಟೂ ಮುಂದೆ ಹೋಗಲಿಲ್ಲ.

"ಹೇಳಯ್ಯಾ, ಅವಳ ಕೈ ನೋಯ್ತಿದೆ!" ಎಂದು ಸಿಡುಕಿದ್ದು ಯಾರೆಂದು ಎಲ್ಲರೂ ತಿರುಗಿ ನೋಡಿದರು. ಅಮ್ಮ.

"ನಾನು ಎಣಿಸ್ತೀನಿ!" ಎಂದ ಕಂಡಕ್ಟರ್. "ಒಂದು... ಮೇಡಂ, ಮೂರಕ್ಕಾ, ಮೂರಾದ ಮೇಲಾ? ಎರಡು..."

ಬೀಗದವನು ಎರಡಕ್ಕೇ ಹಿಡಿದ.